ಅತ್ತೆಯವರ ಚಟ್ನಿಪುಡಿ

ದೀಪಾವಳಿ ಹತ್ತಿರ ಬಂತೆಂದರೆ ನನಗೆ ಬರುವ ಫೋನುಗಳ ಧಾಟಿಯೇ ಬದಲಾಗುತ್ತದೆ. "ಡಾಕ್ಟ್ರೇ, ಊರಿಂದ ಅಪ್ಪ ಅಮ್ಮ ಬರ್ತಿದ್ದಾರೆ. ಮಾತ್ರೆ ಎಷ್ಟು ತಿಂಗಳಿಗೆ ತರಬಹುದು?" "ಉಪ್ಪಿನಕಾಯಿ ಬಿಡ್ತಾರಾ?" "ಇನ್ಶೂರೆನ್ಸ್ ಮಾಡಿಸಲೇಬೇಕಾ?" ಹಬ್ಬ ಮುಗಿಸಿಕೊಂಡು ಊರಿನಿಂದ ಹೊರಡುವ ಹಿರಿಯರು ಇಲ್ಲಿನ ಬೇಸಿಗೆ ರಜೆಗೆ ಸರಿಯಾಗಿ ಬಂದಿಳಿಯುತ್ತಾರೆ. ನಾನು ಮೊದಲು ಪರ್ತ್‌ನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ಆಮೇಲೆ ಅಡಿಲೇಡಿನಲ್ಲಿ ನೆಲೆ ನಿಂತೆ. ಈಗ ಮಗಳು ಬ್ರಿಸ್ಬೇನ್‌ನಲ್ಲಿ ಇರುವುದರಿಂದ ವರ್ಷಕ್ಕೆ ಎರಡು ಮೂರು ಸಲ ಅಲ್ಲಿಗೂ ಓಡಾಟ. ಹೀಗೆ ಮೂರೂ ಊರುಗಳಲ್ಲಿ ಹಿರಿಯರನ್ನು ಕರೆದುಕೊಂಡು ತಿರುಗಿದ್ದೇನೆ. ಸಿಡ್ನಿ, ಮೆಲ್ಬರ್ನ್ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ. ಫೋನಿನಲ್ಲಿ ಹೇಳಿದ್ದನ್ನೇ ಒಂದು ಸಲ ಬರೆದುಬಿಡೋಣ ಎಂದು ಈ ಸಂಚಿಕೆಗಾಗಿ ಪೆನ್ನು ಹಿಡಿದಿದ್ದೇನೆ.

ಶುರು ಮಾಡಬೇಕಾದ್ದು ನಮ್ಮ ಅತ್ತೆಯವರಿಂದ. ಅವರು ಧಾರವಾಡದವರು. 2006ರಲ್ಲಿ ಮೊದಲ ಬಾರಿಗೆ ಪರ್ತ್‌ಗೆ ಬಂದರು. ಸಿಂಗಪುರದಲ್ಲಿ ವಿಮಾನ ಬದಲಾಯಿಸಿ ಒಬ್ಬರೇ ಬಂದ ಗಟ್ಟಿಗಿತ್ತಿ. ನಾನೂ ನನ್ನ ಹೆಂಡತಿಯೂ ಹೊರಗೆ ಕಾದಿದ್ದೇ ಕಾದದ್ದು. ಒಂದೂವರೆ ಗಂಟೆಯಾದರೂ ಸುಳಿವಿಲ್ಲ. ಒಳಗೆ ಆಗಿದ್ದು ಇಷ್ಟು: ಒಂದು ಬೀಗಲ್ ನಾಯಿ ಬಂದು ಇವರ ಬ್ಯಾಗಿನ ಪಕ್ಕ ಕುಳಿತುಬಿಟ್ಟಿದೆ. ಬ್ಯಾಗಿನಲ್ಲಿ ಎರಡು ಕಿಲೋ ಧಾರವಾಡ ಪೇಡೆ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಕಟಕ ರೊಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಕರಿಬೇವು. ಆದರೆ ವಿಮಾನದಲ್ಲಿ ಕೊಟ್ಟ ಕಾರ್ಡಿನಲ್ಲಿ ಆಹಾರ ಪದಾರ್ಥ ಇದೆಯೇ ಎಂಬ ಪ್ರಶ್ನೆಗೆ "ಇಲ್ಲ" ಎಂದು ಗುರುತು ಹಾಕಿದ್ದರು. "ಪಕ್ಕದ ಸೀಟಿನಾಕಿ ಹೇಳಿದ್ಳರೀ, ಹೇಳಿದ್ರ ತಗೋತಾರ, ಹೇಳದಿದ್ರ ಯಾರೂ ನೋಡಂಗಿಲ್ಲ ಅಂತ" ಎಂದು ಆಮೇಲೆ ಸಮಜಾಯಿಷಿ ಕೊಟ್ಟರು. ಅಧಿಕಾರಿ ಪುಣ್ಯಾತ್ಮ, ವಯಸ್ಸು ನೋಡಿ ಎಚ್ಚರಿಕೆ ಕೊಟ್ಟು ಬಿಟ್ಟ. ಪೇಡೆ ಮತ್ತು ಕರಿಬೇವು ಹೋದವು. ಪುಡಿಗಳನ್ನೂ ರೊಟ್ಟಿಯನ್ನೂ ಬಿಚ್ಚಿ ನೋಡಿ ವಾಪಸು ಕೊಟ್ಟ.

"ನಾ ಏನು ಕಳ್ಳಮಾಲು ತಂದಿದ್ನೇನ್ರೀ?" ಎಂದು ಅತ್ತೆಯವರಿಗೆ ಎರಡು ದಿನ ಕೋಪ. ಮೂರನೆಯ ದಿನ ನಾನು ಕಾಲುಬಾಯಿ ಜ್ವರದ ವಿಷಯ ಹೇಳಿದೆ. ಆಸ್ಟ್ರೇಲಿಯಾದ ದನಗಳಿಗೆ ಈ ರೋಗ ಕೊನೆಯದಾಗಿ ಬಂದದ್ದು 1872ರಲ್ಲಿ. ನಮ್ಮಲ್ಲಿ ಅದು ಇನ್ನೂ ಇದೆ. ಅದರ ವೈರಸ್ಸು ಹಾಲಿನ ಪದಾರ್ಥಗಳ ಮೂಲಕವೂ ದಾಟಬಲ್ಲದು, ಅದಕ್ಕೇ ಊರಿನ ಹಾಲಿನ ಸಿಹಿಗಳಿಗೆ ಇಲ್ಲಿ ಪ್ರವೇಶವಿಲ್ಲ. ಒಕ್ಕಲುತನದ ಮನೆಯಲ್ಲಿ ಬೆಳೆದವರಲ್ಲವೇ, ತಕ್ಷಣ ಅರ್ಥವಾಯಿತು. "ನಮ್ಮ ಮನ್ಯಾಗ ಎರಡು ಎತ್ತು ಹಂಗ ಹೋದ್ವು" ಎಂದರು. ಆಮೇಲೆ ಆ ನಾಯಿಯನ್ನು ಬೈಯಲಿಲ್ಲ.

ಈಗ ನಿಯಮ ಆಗಿನಷ್ಟು ಸಡಿಲವಾಗಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ದಂಡ ಸಾವಿರಾರು ಡಾಲರಿಗೆ ಹೋಗುತ್ತದೆ. 2019ರಿಂದ ಪ್ರವಾಸಿಗಳ ವೀಸಾವನ್ನು ವಿಮಾನ ನಿಲ್ದಾಣದಲ್ಲೇ ರದ್ದು ಮಾಡಿ ವಾಪಸು ಕಳಿಸುವ ಅಧಿಕಾರವೂ ಇದೆ, ಕಳಿಸಿದ್ದೂ ಇದೆ. ಆದರೆ ಹೇಳಿಬಿಟ್ಟವರಿಗೆ ದಂಡವಿಲ್ಲ. ಹೆಚ್ಚೆಂದರೆ ಆ ಪದಾರ್ಥ ಕಸದ ಬುಟ್ಟಿಗೆ ಹೋಗುತ್ತದೆ. "ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು" ಎಂಬ ಗಾದೆ ನಮ್ಮದು. ಇಲ್ಲಿ ಹೇಳದೆ ಇದ್ದರೇ ಒದೆ.

ಊರಿಗೆ ಫೋನು ಮಾಡಿ ಹೇಳಬೇಕಾದ್ದು ಇಷ್ಟೇ. ಪೇಡೆ, ಬರ್ಫಿ, ಖೋವಾದ ಸಿಹಿ ಬೇಡ. ಹಸಿ ಕರಿಬೇವು, ವೀಳ್ಯದೆಲೆ, ಮಾವಿನೆಲೆಯ ತೋರಣ, ಹೂವು, ಹಣ್ಣು, ಬಿತ್ತನೆಯ ಬೀಜ ಬೇಡ. ಮನೆಯಲ್ಲಿ ಮಾಡಿದ ಪುಡಿಗಿಂತ ಅಂಗಡಿಯ ಸೀಲಾದ ಪೊಟ್ಟಣ ವಾಸಿ, ಮೇಲೆ ಇಂಗ್ಲಿಷಿನಲ್ಲಿ ಏನೇನಿದೆ ಎಂದು ಬರೆದಿರುತ್ತದೆ. ಎಲ್ಲ ತಿನಿಸನ್ನೂ ಒಂದೇ ಚೀಲದಲ್ಲಿ ಮೇಲುಗಡೆ ಇಡಲಿ, ಕೇಳಿದಾಗ ಸೀರೆಗಳನ್ನೆಲ್ಲ ಹರವಬೇಕಾಗುವುದಿಲ್ಲ. ಕಳೆದ 30 ದಿನಗಳಲ್ಲಿ ಹೊಲ, ತೋಟ, ದನದ ಕೊಟ್ಟಿಗೆಗೆ ಹೋಗಿದ್ದೀರಾ ಎಂಬ ಪ್ರಶ್ನೆಯೂ ಇರುತ್ತದೆ. ತೋಟದ ಮನೆಯವರು ಹೌದೆಂದೇ ಹೇಳಬೇಕು. ಹೊರಡುವ ಮೊದಲು ಚಪ್ಪಲಿಯ ಮಣ್ಣು ತೊಳೆದಿದ್ದರೆ ಸಾಕು. ಮಾತ್ರೆಗಳನ್ನೂ ಹೇಳಬೇಕು. ನಿಯಮಗಳು ಆಗಾಗ ಬದಲಾಗುತ್ತವೆ, ಟಿಕೆಟ್ ತೆಗೆದ ಮೇಲೆ ಕೃಷಿ ಇಲಾಖೆಯ ವೆಬ್‌ಸೈಟನ್ನು ಮಕ್ಕಳೇ ಒಂದು ಸಲ ನೋಡಿಬಿಡಿ.

ನಮ್ಮ ಮೂರು ಊರುಗಳಲ್ಲಿ ತಿರುಗುವವರಿಗೆ ಇನ್ನೊಂದು ವಿಷಯ, ಇದು ಇಲ್ಲಿಯೇ ಹತ್ತು ವರ್ಷ ಇದ್ದವರಿಗೂ ಮರೆತುಹೋಗುತ್ತದೆ. ದೇಶದ ಒಳಗೇ ರಾಜ್ಯದಿಂದ ರಾಜ್ಯಕ್ಕೆ ಹಣ್ಣು ತರಕಾರಿ ಒಯ್ಯುವಂತಿಲ್ಲ. ಬ್ರಿಸ್ಬೇನ್‌ನಿಂದ ಪರ್ತ್‌ಗೆ ಹೋಗುವಾಗ ಮೊಮ್ಮಗನಿಗೆಂದು ಇಟ್ಟ ಬಾಳೆಹಣ್ಣನ್ನು ವಿಮಾನದಲ್ಲೇ ತಿಂದು ಮುಗಿಸಿ. ಪಶ್ಚಿಮ ಆಸ್ಟ್ರೇಲಿಯಾಕ್ಕೆ ಜೇನುತುಪ್ಪವೂ ನಿಷಿದ್ಧ, ಅಲ್ಲಿನ ಜೇನುಹುಳುಗಳಿಗೆ ಹೊರಗಿನ ರೋಗ ತಗಲಬಾರದು ಎಂದು. ದಕ್ಷಿಣ ಆಸ್ಟ್ರೇಲಿಯಾದವರಿಗೆ ಹಣ್ಣಿನ ನೊಣದ ಭಯ. 2019ರ ಕೊನೆಯಿಂದ ಅಡಿಲೇಡಿನ ಬಡಾವಣೆಗಳಲ್ಲೇ ಅದು ಕಾಣಿಸಿಕೊಂಡು, ಹಿತ್ತಲಿನ ನಿಂಬೆಹಣ್ಣನ್ನು ಪಕ್ಕದ ಬೀದಿಗೆ ಕೊಡಬೇಡಿ ಎಂಬಲ್ಲಿಗೆ ಬಂದಿತ್ತು. ಕಾರಿನಲ್ಲಿ ಹೋದರೂ ಗಡಿಯ ಹತ್ತಿರ ತಪಾಸಣೆ ಉಂಟು.

ಅಂದ ಹಾಗೆ, ಕಾರಿನಲ್ಲಿ ಹೋಗುತ್ತೇವೆ ಎನ್ನುವ ಮುನ್ನ ಹಿರಿಯರಿಗೆ ಭೂಪಟ ತೋರಿಸಿ. ಪರ್ತ್‌ನಿಂದ ಅಡಿಲೇಡಿಗೆ ರಸ್ತೆಯಲ್ಲಿ ಸುಮಾರು 2,700 ಕಿಲೋಮೀಟರು. ಅದೇ ದಾರಿಯ ರೈಲು ನಲ್ಲಾರ್ಬಾರ್ ಬಯಲಿನಲ್ಲಿ 478 ಕಿಲೋಮೀಟರು ಒಂದೂ ತಿರುವಿಲ್ಲದೆ ನೇರವಾಗಿ ಓಡುತ್ತದೆ. ಪರ್ತ್‌ನಿಂದ ಬ್ರಿಸ್ಬೇನ್‌ಗೆ ವಿಮಾನದಲ್ಲೇ ಹತ್ತಿರ ಹತ್ತಿರ ಐದು ಗಂಟೆ. "ಬಂದಿದ್ದೀವಲ್ಲ, ಮಗಳ ಮನೇನೂ ಹಾಗೇ ನೋಡಿ ಬರೋಣ" ಎನ್ನುವುದು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋದ ಹಾಗಲ್ಲ.

ಗಡಿಯಾರವೂ ಹಾಗೆಯೇ. ಭಾರತಕ್ಕಿಂತ ಪರ್ತ್ ಎರಡೂವರೆ ಗಂಟೆ ಮುಂದೆ, ಅಡಿಲೇಡ್ ನಾಲ್ಕು ಗಂಟೆ, ಬ್ರಿಸ್ಬೇನ್ ನಾಲ್ಕೂವರೆ. ಅಕ್ಟೋಬರಿನ ಮೊದಲ ಭಾನುವಾರ ಅಡಿಲೇಡಿನವರು ಒಂದು ಗಂಟೆ ಮುಂದೆ ತಿರುಗಿಸಿಕೊಳ್ಳುತ್ತಾರೆ, ಉಳಿದೆರಡು ಊರಿನವರು ತಿರುಗಿಸುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದವರಂತೂ ನಾಲ್ಕು ಸಲ ಜನಮತ ತೆಗೆದುಕೊಂಡು ನಾಲ್ಕು ಸಲವೂ ಬೇಡವೆಂದಿದ್ದಾರೆ. ಹೀಗಾಗಿ ಬೇಸಿಗೆಯಲ್ಲಿ ಪೂರ್ವದಲ್ಲಿರುವ ಬ್ರಿಸ್ಬೇನ್ ಅಡಿಲೇಡಿಗಿಂತ ಅರ್ಧ ಗಂಟೆ ಹಿಂದೆ ಬೀಳುತ್ತದೆ. ನನ್ನ ಮಾವನವರು ಇದನ್ನು ಕಾಗದದ ಮೇಲೆ ಬರೆದು ಬರೆದು ನೋಡಿ, "ಸೂರ್ಯನಿಗೇ ಗೊತ್ತಿಲ್ಲದ ಲೆಕ್ಕ ಇದು" ಎಂದು ಕೈಬಿಟ್ಟರು.

ನೋಡುವ ಜಾಗಗಳ ಪಟ್ಟಿ ಎಲ್ಲರ ಫೋನಿನಲ್ಲೂ ಇರುತ್ತದೆ, ಹಾಗಾಗಿ ನಾಲ್ಕೇ ಮಾತು. ಪರ್ತ್‌ನಲ್ಲಿ ಕಿಂಗ್ಸ್ ಪಾರ್ಕಿನಿಂದ ನದಿ ನೋಡುವುದು ಹಿರಿಯರಿಗೆ ಆಯಾಸವಿಲ್ಲದ ಕೆಲಸ. ಊರೊಳಗೆ ಕ್ಯಾಟ್ ಬಸ್ಸುಗಳಿಗೆ ಟಿಕೆಟ್ಟೇ ಇಲ್ಲ. ರಾಟ್‌ನೆಸ್ಟ್ ದ್ವೀಪದ ಕ್ವೋಕ್ಕಾ ಎಂಬ ನಗುಮುಖದ ಪ್ರಾಣಿಗೆ ಬಿಸ್ಕತ್ತು ಹಾಕಬಾರದು, ಮುಟ್ಟಲೂಬಾರದು. ಅದೇ ದ್ವೀಪ ಸುಮಾರು ತೊಂಬತ್ತು ವರ್ಷ ಮೂಲನಿವಾಸಿಗಳ ಸೆರೆಮನೆಯಾಗಿತ್ತೆಂಬುದನ್ನೂ ತಿಳಿದು ಹೋದರೆ ಫೋಟೋ ತೆಗೆಯುವ ಗದ್ದಲ ಸ್ವಲ್ಪ ಕಡಿಮೆಯಾಗುತ್ತದೆ. ಕ್ರಿಕೆಟ್ ಹುಚ್ಚಿನ ಅಪ್ಪಂದಿರಿಗೆ ವಾಕಾ ಮೈದಾನ ತೋರಿಸಿ. 2008ರ ಜನವರಿಯಲ್ಲಿ ನಮ್ಮ ಕುಂಬ್ಳೆ ನಾಯಕನಾಗಿ ತನ್ನ 600ನೇ ಟೆಸ್ಟ್ ವಿಕೆಟ್ ತೆಗೆದದ್ದು ಅಲ್ಲಿ, ಆ ಕ್ಯಾಚು ಹಿಡಿದದ್ದು ದ್ರಾವಿಡ್. ಅಡಿಲೇಡ್ ಮೈದಾನದಲ್ಲಿ ಅದೇ ದ್ರಾವಿಡ್ 2003ರ ಡಿಸೆಂಬರಿನಲ್ಲಿ 233 ಮತ್ತು ಔಟಾಗದೆ 72 ಹೊಡೆದು ಗೆಲ್ಲಿಸಿದ್ದು. ಇನ್ನು ಅಡಿಲೇಡಿನ ನಕ್ಷೆಯನ್ನು 1837ರಲ್ಲಿ ಕರ್ನಲ್ ಲೈಟ್ ಹಾಕಿದ್ದು, ಚೌಕಾಕಾರದ ಊರು, ಸುತ್ತಲೂ ಉದ್ಯಾನ. ದಾರಿ ತಪ್ಪುವುದೇ ಕಷ್ಟ. ಊರೊಳಗಿನ ಟ್ರಾಮ್ ಪುಕ್ಕಟೆ. 1869ರ ಸೆಂಟ್ರಲ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋದರೆ ಅತ್ತೆಯಂದಿರು ಬದನೆಕಾಯಿ ಹಿಚುಕಿ ನೋಡುತ್ತಾರೆ, ಅದನ್ನು ಮಾತ್ರ ತಡೆಯಿರಿ. ಬ್ರಿಸ್ಬೇನ್‌ನಲ್ಲಿ 2024ರ ಆಗಸ್ಟಿನಿಂದ ಬಸ್ಸು, ರೈಲು, ದೋಣಿ ಎಲ್ಲಕ್ಕೂ 50 ಸೆಂಟು. ಅದೇ 50 ಸೆಂಟಿಗೆ ಗೋಲ್ಡ್ ಕೋಸ್ಟಿನವರೆಗೂ ಹೋಗಬಹುದು. ವಿಮಾನ ನಿಲ್ದಾಣದ ರೈಲಿಗೆ ಮಾತ್ರ ಬೇರೆ ದರ. ರೋಮಾ ಸ್ಟ್ರೀಟ್ ಪಾರ್ಕಿನಲ್ಲಿ 2014ರಲ್ಲಿ ಸ್ಥಾಪಿಸಿದ ಗಾಂಧೀಜಿಯ ಪ್ರತಿಮೆ ಇದೆ. ಲೋನ್ ಪೈನ್‌ನಲ್ಲಿ ಕೋಆಲಾವನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳುವುದನ್ನು 2024ರಲ್ಲಿ ನಿಲ್ಲಿಸಿದ್ದಾರೆ, ಪಕ್ಕದಲ್ಲಿ ನಿಂತು ನೋಡಬಹುದು. ಸಮುದ್ರ ಎಲ್ಲಿಯದೇ ಆಗಲಿ, ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಬೇಕು. ಸೀರೆ ಎತ್ತಿ ಹಿಡಿದು ಮೊಣಕಾಲುದ್ದ ನಿಂತವರನ್ನೂ ಸೆಳೆತ ಎಳೆದೊಯ್ಯುತ್ತದೆ.

ನಡವಳಿಕೆಯ ಮಾತಿಗೆ ಬರೋಣ. ನಮ್ಮ ಹಿರಿಯರಿಗೆ ಇಲ್ಲಿ ಮೊದಲು ಚುಚ್ಚುವುದು ಹೆಸರು ಹಿಡಿದು ಕರೆಯುವುದು. ಹೆಡ್‌ಮಾಸ್ಟರಾಗಿ ನಿವೃತ್ತರಾದ ನನ್ನ ಮಾವನವರನ್ನು ಬ್ಯಾಂಕಿನ ಇಪ್ಪತ್ತೆರಡರ ಹುಡುಗಿ ಬರೀ ಹೆಸರಿನಿಂದ ಕರೆದಳು. ಊರಿನಲ್ಲಿ ಅವರ ಹೆಂಡತಿಯೂ ಅವರ ಹೆಸರು ಎತ್ತಿದವರಲ್ಲ! ಅವತ್ತು ಊಟದ ತನಕ ಮಾತಿಲ್ಲ. ಆಸ್ಪತ್ರೆಯ ನರ್ಸುಗಳಂತೂ "ಲವ್", "ಡಾರ್ಲಿಂಗ್" ಎನ್ನುತ್ತಾರೆ. ಇದರಲ್ಲಿ ಅಗೌರವವೂ ಇಲ್ಲ, ಬೇರೆ ಅರ್ಥವೂ ಇಲ್ಲ, ನಮ್ಮಲ್ಲಿ "ಏನಜ್ಜಾ" ಎಂದ ಹಾಗೆ. ಇದನ್ನು ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲೇ ಹೇಳಿಬಿಡಿ. ಹಾಗೆಯೇ ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುವುದು ಮೂರು ಊರುಗಳಲ್ಲೂ ಪದ್ಧತಿ. ಇದು ನಮ್ಮವರಿಗೆ ಬಲು ಬೇಗ ಹಿಡಿಸುತ್ತದೆ. ಮಾವನವರು ಬೆಂಗಳೂರಿಗೆ ಹೋದ ಮೇಲೆ ಬಿ.ಎಂ.ಟಿ.ಸಿ. ಕಂಡಕ್ಟರಿಗೂ ಹೇಳಿ, ಅವನು ಚಿಲ್ಲರೆ ಕೇಳುತ್ತಿದ್ದಾರೆ ಎಂದುಕೊಂಡನಂತೆ.

ಇನ್ನೊಂದು ಹೂವಿನ ಪ್ರಸಂಗ. ಬ್ರಿಸ್ಬೇನ್‌ನಲ್ಲಿ ದಾಸವಾಳ ಬೇಲಿಯಾಚೆ ಬಾಗಿ ನಿಂತಿರುತ್ತದೆ. ಬೆಳಗಿನ ವಾಕಿಂಗಿಗೆ ಹೋದ ಅತ್ತೆಯವರು ಪೂಜೆಗೆಂದು ನಾಲ್ಕು ಕಿತ್ತರು. ಊರಿನಲ್ಲಿ ಅದು ಕಳ್ಳತನವಲ್ಲ, ದೇವರ ಕೆಲಸ. ಮನೆಯಾಕೆ ಹೊರಗೆ ಬಂದು ಏನೂ ಅನ್ನದೆ ನೋಡುತ್ತಾ ನಿಂತರಂತೆ. ಸಂಜೆ ಮಗಳು ಅವರನ್ನು ಕರೆದುಕೊಂಡು ಹೋಗಿ, ಇದು ಪೂಜೆಗೆ, ಕೇಳದೆ ಕಿತ್ತದ್ದು ತಪ್ಪಾಯಿತು ಎಂದಳು. ಮರುದಿನದಿಂದ ಆಕೆಯೇ ಒಂದು ಡಬ್ಬಿಯಲ್ಲಿ ಹೂವು ಇಟ್ಟು ಗೇಟಿನ ಮೇಲೆ ಇಡತೊಡಗಿದರು. ಕೇಳಿದರೆ ಕೊಡುವ ಜನ ಇವರು. ಅದೇ ರೀತಿ ಪಾರ್ಕಿನಲ್ಲಿ ಕಂಡ ಮುದ್ದು ಮಗುವಿನ ಕೆನ್ನೆ ಹಿಂಡುವುದು, ಫೋಟೋ ತೆಗೆಯುವುದು ಬೇಡ. ಯಾರ ಮನೆಗಾದರೂ ಹೋಗುವ ಮೊದಲು ಫೋನು ಮಾಡಿ. "ತಟ್ಟೆ ತನ್ನಿ" ಎಂದು ಕರೆದರೆ ತಟ್ಟೆಯ ಜೊತೆಗೆ ಅದರಲ್ಲಿ ಚಿತ್ರಾನ್ನವೂ ಇರಬೇಕು. ನಮ್ಮ ಸಮಾರಂಭಗಳೂ ಈಗ ಆ ನೆಲದ ಮೂಲನಿವಾಸಿಗಳನ್ನು ನೆನೆಯುವ ಮಾತಿನಿಂದ ಆರಂಭವಾಗುತ್ತವೆ. ಪರ್ತ್‌ನಲ್ಲಿ ನೂಂಗಾರ್ ಜನ, ಅಡಿಲೇಡಿನಲ್ಲಿ ಕೌರ್ನಾ, ಬ್ರಿಸ್ಬೇನ್‌ನಲ್ಲಿ ತುರ್ಬಲ್ ಮತ್ತು ಯುಗ್ಗೆರಾ. ಪ್ರಾರ್ಥನೆಗೆ ಕೂತ ಹಾಗೆ ಸುಮ್ಮನೆ ಕೂತರೆ ಸರಿ.

ಮನೆಯೊಳಗೆ ಹೆಚ್ಚು ಗಲಾಟೆ ಮಾಡುವುದು ಒಗ್ಗರಣೆ. ಕ್ವೀನ್ಸ್‌ಲ್ಯಾಂಡಿನಲ್ಲಿ 2022ರ ಜನವರಿಯಿಂದ ಬಾಡಿಗೆ ಮನೆಗಳ ಪ್ರತಿ ಮಲಗುವ ಕೋಣೆಯಲ್ಲೂ ಹೊಗೆಯ ಅಲಾರಂ ಇರಬೇಕು, ಎಲ್ಲವೂ ಒಂದಕ್ಕೊಂದು ಸೇರಿರಬೇಕು. ಒಣಮೆಣಸಿನಕಾಯಿ ಚಟಪಟ ಎಂದರೆ ಇಡೀ ಮನೆ ಕೂಗುತ್ತದೆ. ಆಗ ಕಿಟಕಿ ತೆಗೆಯಿರಿ. ಅಪಾರ್ಟ್‌ಮೆಂಟಿನವರು ಮುಂಬಾಗಿಲು ಮಾತ್ರ ತೆಗೆಯಬಾರದು. ಹೊಗೆ ಕಾರಿಡಾರಿಗೆ ಹೋದರೆ ಅಗ್ನಿಶಾಮಕ ದಳದ ಗಾಡಿಯೇ ಬರುತ್ತದೆ, ಹಿಂದೆ ಬಿಲ್ಲೂ ಬರುತ್ತದೆ. ಬಚ್ಚಲಿನಲ್ಲಿ ಷವರಿನ ಹೊರಗೆ ಚೊಂಬಿನಿಂದ ನೀರು ಹುಯ್ಯುವುದು ಬೇಡ. ಒದ್ದೆ ಟೈಲ್ಸಿನ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡ ಎಪ್ಪತ್ತರ ಅಮ್ಮಂದಿರನ್ನು ನಾನು ಕಂಡಿದ್ದೇನೆ. ನೂರು ಡಾಲರಿನೊಳಗೆ ಒಂದು ರಬ್ಬರ್ ಚಾಪೆ, ಒಂದು ಹಿಡಿಕೆ, ಒಂದು ಸ್ಟೂಲು ಬರುತ್ತವೆ, ಅವರು ಬರುವ ಮುನ್ನವೇ ತಂದಿಡಿ. ಪಟಾಕಿ ಈ ಮೂರು ರಾಜ್ಯಗಳಲ್ಲೂ ಮನೆಯವರು ಹಚ್ಚುವಂತಿಲ್ಲ, ದೀಪಾವಳಿಗೆ ದೀಪವೇ ಸೈ.

ಇಲ್ಲಿಯವರೆಗೆ ಹೇಳಿದ್ದು ತಪ್ಪಿದರೆ ಹೆಚ್ಚೆಂದರೆ ಮುಜುಗರ, ಇಲ್ಲವೇ ದಂಡ. ಮುಂದಿನದು ಹಾಗಲ್ಲ.

2013ರಲ್ಲಿ ಅತ್ತೆಯವರು ಅಡಿಲೇಡಿಗೆ ಬಂದರು. ಆಗ ಅವರಿಗೆ 71. ಏರ್‌ಪೋರ್ಟಿನಲ್ಲಿ ಇಂಗಿನ ಡಬ್ಬಿಯನ್ನೂ ಬಿಡದೆ ಎಲ್ಲವನ್ನೂ ಹೇಳಿ ಹೊರಬಂದಿದ್ದರು, ಪೇಡೆಯ ಪಾಠ ಮರೆತಿರಲಿಲ್ಲ. ಮೂರು ತಿಂಗಳಿಗೆಂದು ಬಂದವರು. ಮೊಮ್ಮಗಳ ಭರತನಾಟ್ಯದ ಕಾರ್ಯಕ್ರಮ ಮುಂದಕ್ಕೆ ಹೋಯಿತೆಂದು ಟಿಕೆಟ್ಟನ್ನು ಇನ್ನೆರಡು ತಿಂಗಳು ಮುಂದಕ್ಕೆ ಹಾಕಿದೆವು. ವೀಸಾ ಆರು ತಿಂಗಳದ್ದಿತ್ತು, ಅದನ್ನು ನೋಡಿದ್ದೆ. ಇನ್ಶೂರೆನ್ಸ್ ಮೂರು ತಿಂಗಳದ್ದು, ಅದನ್ನು ನೋಡಲಿಲ್ಲ. ಅವರ ಬಿ.ಪಿ. ಮಾತ್ರೆಯೂ ಮೂರು ತಿಂಗಳದ್ದೇ, ಅದನ್ನಂತೂ ಕೇಳಲೇ ಇಲ್ಲ.

ನಾಲ್ಕನೆಯ ತಿಂಗಳ ಒಂದು ಬೆಳಿಗ್ಗೆ ಕಾಫಿ ಲೋಟ ಅವರ ಎಡಗೈಯಿಂದ ಜಾರಿ ಬಿತ್ತು. ಏನೋ ಹೇಳಲು ಹೋದರು, ಮಾತು ತೊದಲಿತು. ಬಾಯಿ ಒಂದು ಕಡೆಗೆ ವಾಲಿದ್ದು ನನಗೆ ಕಂಡಿತು. 000ಗೆ ಕರೆ ಮಾಡಿದೆವು. ಆಂಬ್ಯುಲೆನ್ಸ್ ಬರುವಷ್ಟರಲ್ಲಿ, ಸುಮಾರು ಇಪ್ಪತ್ತು ನಿಮಿಷಕ್ಕೆ, ಕೈ ಬಾಯಿ ಸರಿಯಾದವು. "ಏನೂ ಆಗಿಲ್ಲ, ರಾತ್ರಿ ನಿದ್ದಿ ಇರಲಿಲ್ಲ, ಗ್ಯಾಸ್ ಆಗೇತಿ" ಎಂದರು. ಬಿ.ಪಿ. ನೋಡಿದರೆ 210ಕ್ಕೆ 115. ಆಸ್ಪತ್ರೆಯಲ್ಲಿ ಮಾತ್ರೆಯ ಪಟ್ಟಿ ಕೇಳಿದಾಗ ವಿಷಯ ಹೊರಬಿತ್ತು. ಟಿಕೆಟ್ ಮುಂದಕ್ಕೆ ಹೋದ ದಿನದಿಂದಲೇ ಅವರು ಮಾತ್ರೆಗಳನ್ನು ಚಾಕುವಿನಿಂದ ಅರ್ಧ ಮಾಡಿ ನುಂಗುತ್ತಿದ್ದರು. ಕೊನೆಯ ಎರಡು ವಾರ ದಿನ ಬಿಟ್ಟು ದಿನ. ತಲೆನೋವು ಬಂದಾಗ ಹಣೆಗೆ ಅಮೃತಾಂಜನ ಹಚ್ಚಿಕೊಂಡು ಮಲಗಿದ್ದರು.

ನಾನು ಎಂ.ಡಿ. ಮಾಡಿದವನು. ಅದೇ ಮನೆಯಲ್ಲಿ, ಗೋಡೆಯಾಚೆಯ ಕೋಣೆಯಲ್ಲಿ ಇದ್ದೆ. "ಯಾಕೆ ಹೇಳಲಿಲ್ಲ?" ಎಂದರೆ, "ನಿಮಗ್ಯಾಕ ತ್ರಾಸ ಅಂತ ಹೇಳಲಿಲ್ರೀ. ಇಲ್ಲಿ ಔಷಧ ಭಾಳ ತುಟ್ಟಿ ಅಂತ ನೀವಿಬ್ರೂ ಮಾತಾಡೂದು ಕೇಳಿದ್ದೆ" ಎಂದರು. ಅದು ಬೇರೆ ಯಾರದೋ ವಿಷಯ ಮಾತಾಡಿದ್ದು. ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದರು, ಶಾಶ್ವತವಾಗಿ ಏನೂ ಆಗಲಿಲ್ಲ. ಸಾವಿರಾರು ಡಾಲರಿನ ಬಿಲ್ಲು ನಮ್ಮ ಕೈಯಿಂದ ಹೋಯಿತು, ಅದು ಹೋಗಲಿ. ಅವರು ಗೋಡೆಯಾಚೆ ಮಾತ್ರೆ ಕತ್ತರಿಸುತ್ತಿದ್ದರೆಂಬುದು ನನಗೆ ಈಗಲೂ ನಿದ್ದೆ ಕೆಡಿಸುತ್ತದೆ.

ಹಾಗಾಗಿ ನನ್ನ ಮೊದಲ ಸಲಹೆ: ಬಂದ ವಾರದಲ್ಲೇ ಅಮ್ಮನ ಮಾತ್ರೆಯ ಡಬ್ಬಿ ತೆಗೆದು ನೀವೇ ಎಣಿಸಿ. ತಿಂಗಳಿಗೊಮ್ಮೆ ಮತ್ತೆ ಎಣಿಸಿ. ಕೇಳಬೇಡಿ, ಕೇಳಿದರೆ "ಅದಾವ ಅದಾವ" ಎನ್ನುತ್ತಾರೆ.

ಮಾತ್ರೆಗಳನ್ನು ಮೂರು ತಿಂಗಳಿಗಾಗುವಷ್ಟು ತರಬಹುದು. ಮೂಲ ಪೊಟ್ಟಣದಲ್ಲೇ ಇರಬೇಕು, ಡಾಕ್ಟರ ಚೀಟಿ ಅಥವಾ ಪತ್ರ ಇಂಗ್ಲಿಷಿನಲ್ಲಿ ಜೊತೆಗಿರಬೇಕು. ಪತ್ರದಲ್ಲಿ ಕಂಪನಿಯ ಹೆಸರು ಸಾಲದು, ಔಷಧದ ಹೆಸರು ಬೇಕು: ಅಮ್ಲೋಡಿಪಿನ್, ಮೆಟ್‌ಫಾರ್ಮಿನ್ ಹೀಗೆ. ನಮ್ಮೂರಿನ ಕಂಪನಿಯ ಹೆಸರುಗಳು ಇಲ್ಲಿಯ ಫಾರ್ಮಸಿಯವರಿಗೆ ಗೊತ್ತಿಲ್ಲ, ಊರಿನ ಚೀಟಿಗೆ ಅವರು ಔಷಧ ಕೊಡುವುದೂ ಇಲ್ಲ. ಇಲ್ಲಿಯ ಡಾಕ್ಟರೊಬ್ಬರು ಬರೆಯಬೇಕು. ಆಂಟಿಬಯೋಟಿಕ್ಸಿಗೆ ಚೀಟಿ ಬೇಕೇ ಬೇಕು. ಕೊಡೀನ್ ಇರುವ ಕೆಮ್ಮಿನ, ನೋವಿನ ಔಷಧಗಳಿಗೂ 2018ರ ಫೆಬ್ರವರಿಯಿಂದ ಬೇಕು. ಇನ್ಸುಲಿನ್ ಕೈಚೀಲದಲ್ಲಿರಲಿ, ಲಗೇಜಿನಲ್ಲಿ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು. ಹೆಸರಿಲ್ಲದ ಭಸ್ಮ, ಲೇಹ್ಯಗಳಲ್ಲಿ ಸೀಸ, ಪಾದರಸ ಇರುವ ಸಾಧ್ಯತೆ ಉಂಟು. ತಂದಿದ್ದರೆ ಇಲ್ಲಿಯ ಡಾಕ್ಟರಿಗೆ ಅದನ್ನೂ ಹೇಳಬೇಕು.

ಭಾರತದ ಪ್ರವಾಸಿಗಳಿಗೆ ಮೆಡಿಕೇರ್ ಇಲ್ಲ. ಬ್ರಿಟನ್, ನ್ಯೂಜಿಲೆಂಡ್ ಮುಂತಾದ ಕೆಲವು ದೇಶಗಳ ಜೊತೆ ಒಪ್ಪಂದವಿದೆ, ಭಾರತದ ಜೊತೆ ಇಲ್ಲ. ಆದ್ದರಿಂದ ಇನ್ಶೂರೆನ್ಸ್ ಬೇಕೇ ಬೇಕು. ಅದರಲ್ಲಿ ಹಳೆಯ ಕಾಯಿಲೆಗಳನ್ನು ಮುಚ್ಚಿಡಬೇಡಿ. ಕಂತು ಉಳಿಸಲೆಂದು ಸಕ್ಕರೆ ಕಾಯಿಲೆ ಇಲ್ಲವೆಂದು ಬರೆಸಿದರೆ ಕ್ಲೇಮಿನ ದಿನ ಅದೇ ತಿರುಗಿ ಬೀಳುತ್ತದೆ. ಟಿಕೆಟ್ ಮುಂದಕ್ಕೆ ಹಾಕಿದ ದಿನವೇ ಇನ್ಶೂರೆನ್ಸನ್ನೂ ಮುಂದಕ್ಕೆ ಹಾಕಿ. ವೀಸಾ ಪತ್ರದಲ್ಲಿ 8503 ಎಂಬ ಷರತ್ತು ಇದೆಯೇ ನೋಡಿ, ಇದ್ದರೆ ಇಲ್ಲಿದ್ದುಕೊಂಡೇ ಅವಧಿ ಬೆಳೆಸುವುದು ಬಲು ಕಷ್ಟ. ಕ್ವೀನ್ಸ್‌ಲ್ಯಾಂಡಿನ ನಿವಾಸಿಗಳಿಗೆ ಆಂಬ್ಯುಲೆನ್ಸ್ ಉಚಿತ, ಆದರೆ ಅದು ನಿಮಗೆ, ನಿಮ್ಮ ತಂದೆಗಲ್ಲ. ಪರ್ತ್, ಅಡಿಲೇಡಿನಲ್ಲಿ ನಿಮಗೂ ಬಿಲ್ಲು ಬರುತ್ತದೆ. ಬಿಲ್ಲಿನ ಭಯಕ್ಕೆ ಕಾರಿನಲ್ಲಿ ಕೂರಿಸಿಕೊಂಡು ಮಾತ್ರ ಹೊರಡಬೇಡಿ. ಮುಖ ವಾಲುವುದು, ಕೈ ಸೋಲುವುದು, ಮಾತು ತೊದಲುವುದು, ಮೂರರಲ್ಲಿ ಒಂದು ಕಂಡರೂ 000. ಸರಿಹೋಯಿತೆಂದರೂ 000. ತುರ್ತಲ್ಲದ ಸಂದೇಹಕ್ಕೆ ಪರ್ತ್, ಅಡಿಲೇಡಿನವರು 1800 022 222ಕ್ಕೆ, ಬ್ರಿಸ್ಬೇನಿನವರು 13 43 25 84ಕ್ಕೆ ಕರೆ ಮಾಡಿದರೆ ಹಗಲೂ ರಾತ್ರಿಯೂ ನರ್ಸು ಸಿಗುತ್ತಾರೆ.

ಭಾಷೆಯ ತೊಡಕಿನ ಬಗ್ಗೆ ಒಂದು ಮಾತು. ನಮ್ಮ "ಗ್ಯಾಸ್" ಎಂಬ ಶಬ್ದ ಎಷ್ಟೋ ಹೃದಯಾಘಾತಗಳನ್ನು ಮುಚ್ಚಿಟ್ಟಿದೆ. ಎಮರ್ಜೆನ್ಸಿಯಲ್ಲಿ ಸರದಿ ನಿರ್ಧರಿಸುವುದು ಬಂದ ಹೊತ್ತಿನಿಂದಲ್ಲ, ಕಾಯಿಲೆಯ ತೀವ್ರತೆಯಿಂದ. "ಗ್ಯಾಸ್" ಎಂದರೆ ನರ್ಸಿಗೆ ಹೊಟ್ಟೆಯ ವಾಯು ಎಂದೇ ಅರ್ಥ, ಕೊನೆಯ ಸಾಲಿನಲ್ಲಿ ಕೂರಿಸುತ್ತಾರೆ. ಎದೆ ಹಿಂಡುತ್ತಿದೆ, ಬೆವರು ಬಂದಿದೆ, ಉಸಿರು ಸಿಗುತ್ತಿಲ್ಲ ಎಂದು ಇದ್ದದ್ದನ್ನೇ ಹೇಳಿ. ಸಕ್ಕರೆ ಕಾಯಿಲೆಯವರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ಸಂಕಟದ ರೂಪದಲ್ಲೂ ಹೃದಯಾಘಾತ ಬರುತ್ತದೆ. "ನನಗೆ ಬಿ.ಪಿ. ಇದೆ" ಎಂದ ಮಾವನವರಿಗೆ ನರ್ಸು "ಎಲ್ಲರಿಗೂ ಇರುತ್ತೆ, ಲವ್" ಎಂದಳು! "ಹೈ" ಎಂಬ ಶಬ್ದ ಸೇರಿಸಬೇಕು. ನಾವು ತಲೆಯನ್ನು ಅಡ್ಡಡ್ಡ ತೂಗುವುದು ಹೌದೋ ಅಲ್ಲವೋ ಇಲ್ಲಿಯವರಿಗೆ ತಿಳಿಯದು, ಬಾಯಿಬಿಟ್ಟು ಹೇಳಬೇಕು. ಹೆಂಗಸರ ಕಾಯಿಲೆಯ ವಿಷಯಕ್ಕೆ ಮಗನನ್ನೋ ಮೊಮ್ಮಗನನ್ನೋ ದುಭಾಷಿಯಾಗಿ ನಿಲ್ಲಿಸಬೇಡಿ, ಅಮ್ಮ ಅರ್ಧ ಹೇಳುವುದೇ ಇಲ್ಲ. ಆಸ್ಪತ್ರೆಯವರನ್ನು ಕೇಳಿದರೆ ಫೋನಿನಲ್ಲಿ ಅನುವಾದಕರನ್ನು ಕರೆಸಲು ಪ್ರಯತ್ನಿಸುತ್ತಾರೆ. ಊಟಕ್ಕೆ "ವೆಜಿಟೇರಿಯನ್" ಎಂದರೆ ಸಾಲದು, ಮೊಟ್ಟೆ ಮೀನು ಬೇಡ ಎಂದು ಬಿಡಿಸಿ ಹೇಳಿ. ಸ್ಕ್ಯಾನಿಗೆ ಮಂಗಳಸೂತ್ರ ತೆಗೆಯಬೇಕಾದೀತು ಎಂಬುದನ್ನು ಅಮ್ಮನಿಗೆ ಮೊದಲೇ ನೀವು ಹೇಳಿಡಿ. ನೋಡಲು ಹೋಗುವವರು ಇಬ್ಬಿಬ್ಬರೇ ಹೋಗಿ, ಇಡೀ ಸಂಘ ಒಟ್ಟಿಗೆ ಬೇಡ.

ಇನ್ನು ನಮ್ಮಂಥ ಡಾಕ್ಟರುಗಳ ಬಗ್ಗೆ. ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಾಗ ಮಂಡಿ ತೋರಿಸುತ್ತೀರಿ, ಸಂತೋಷ. ಆದರೆ "ನೀವೇ ಒಂದು ಚೀಟಿ ಬರೆದುಬಿಡಿ" ಎಂದಾಗ ಆಗುವುದಿಲ್ಲ ಎಂದರೆ ಬೇಸರಿಸಬೇಡಿ. ಹತ್ತಿರದವರಿಗೆ ಚಿಕಿತ್ಸೆ ಮಾಡಬೇಡಿ ಎಂದೇ ಇಲ್ಲಿಯ ವೈದ್ಯಕೀಯ ಮಂಡಳಿಯ ಮಾತು. ಹತ್ತಿರದವನ ಕಣ್ಣು ಎಷ್ಟು ಮಂದ ಎಂಬುದನ್ನು ನಾನೇ ಮೇಲೆ ಬರೆದಿದ್ದೇನೆ. ಡಾಕ್ಟರ ಹತ್ತಿರ ಹೋಗುವ ಮುನ್ನ ಫೀಸು ಎಷ್ಟು ಎಂದು ಫೋನಿನಲ್ಲೇ ಕೇಳಿ, ಇಲ್ಲಿ ಅದು ಅವಮಾನವಲ್ಲ.

ಬೇಸಿಗೆಯಲ್ಲಿ ಬರುವವರಿಗೆ ಸೆಕೆಯ ಎಚ್ಚರ. 2019ರ ಜನವರಿ 24ರಂದು ಅಡಿಲೇಡಿನಲ್ಲಿ 46.6 ಡಿಗ್ರಿ ಆಗಿತ್ತು. "ಕಲಬುರಗಿ ಬಿಸಿಲು ಕಂಡವರು ನಾವು" ಎನ್ನುತ್ತಾರೆ. ನೀರು ಇಳಿಸುವ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಅಂಥ ದಿನ ತಲೆತಿರುಗಿ ಬೀಳುತ್ತಾರೆ. ವಾಕಿಂಗ್ ಏಳು ಗಂಟೆಯೊಳಗೆ ಮುಗಿಯಲಿ. ಆಗಸ್ಟಿನಿಂದ ಅಕ್ಟೋಬರಿನವರೆಗೆ ಮ್ಯಾಗ್‌ಪೈ ಹಕ್ಕಿಗಳು ಗೂಡಿನ ಹತ್ತಿರ ನಡೆಯುವವರ ತಲೆಗೆ ಎರಗುತ್ತವೆ, ಟೋಪಿ ಇರಲಿ, ಓಡಬೇಡಿ.

ಮತ್ತೆ ವಾಕಿಂಗಿಗೆ ಹೋದರೂ ಬೀದಿಯಲ್ಲಿ ಮನುಷ್ಯರೇ ಕಾಣುವುದಿಲ್ಲ. ಮಕ್ಕಳು ಆಫೀಸಿಗೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಬೆಳಗಿನ ಎಂಟರಿಂದ ಸಂಜೆ ಐದರವರೆಗೆ ಗಡಿಯಾರದ ಸದ್ದು ಕೇಳುತ್ತಾ ಕೂತವರು ಅದನ್ನೂ ಹೇಳುವುದಿಲ್ಲ. ಮಾವನವರು ಇದಕ್ಕೆ ತಾವೇ ಮದ್ದು ಕಂಡುಕೊಂಡರು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಖಾಲಿ ಬಾಟಲಿ, ಡಬ್ಬಿ ವಾಪಸು ಕೊಟ್ಟರೆ ತಲಾ ಹತ್ತು ಸೆಂಟು. 1977ರಿಂದಲೂ ಇರುವ ಪದ್ಧತಿ, ಕ್ವೀನ್ಸ್‌ಲ್ಯಾಂಡಿಗೆ 2018ರಲ್ಲಿ, ಪಶ್ಚಿಮಕ್ಕೆ 2020ರಲ್ಲಿ ಬಂತು. ಹೆಡ್‌ಮಾಸ್ಟರು ಬಾಟಲಿ ಆರಿಸುವುದೇ ಎಂದು ನನ್ನ ಹೆಂಡತಿಗೆ ಮೊದಲು ನಾಚಿಕೆಯಾಯಿತು. ಅವರಿಗೆ ಮಾತ್ರ ಡಿಪೋದಲ್ಲಿ ಒಬ್ಬ ಗ್ರೀಕ್ ಅಜ್ಜ ಗೆಳೆಯನಾಗಿ ಸಿಕ್ಕಿದ್ದ. ಒಬ್ಬರ ಇಂಗ್ಲಿಷು ಇನ್ನೊಬ್ಬರಿಗೆ ಅರ್ಧವೇ ಅರ್ಥವಾಗುತ್ತಿತ್ತು, ಆದರೂ ಮಂಗಳವಾರ ತಪ್ಪಿಸುತ್ತಿರಲಿಲ್ಲ.

ಅತ್ತೆಯವರು ಕೊನೆಯ ಸಲ ಬಂದದ್ದು 2018ರಲ್ಲಿ, ಬ್ರಿಸ್ಬೇನ್‌ಗೆ, ಮೊಮ್ಮಗಳನ್ನು ನೋಡಲು. ಆ ಸಲ ನಾನೂ ಊರಿಗೆ ಹೋಗಿ ಅವರ ಜೊತೆಯಲ್ಲೇ ಬಂದಿದ್ದೆ. ತಪಾಸಣೆಯ ಮೇಜಿನ ಮೇಲೆ ಒಂದು ಚೀಲದಲ್ಲಿ ಚಟ್ನಿಪುಡಿ, ಇನ್ನೊಂದರಲ್ಲಿ ಮಾತ್ರೆ, ಅವುಗಳ ಮೇಲೆ ಡಾಕ್ಟರ ಪತ್ರ ಇಟ್ಟು ಕೈಕಟ್ಟಿ ನಿಂತರು. ಅಧಿಕಾರಿಣಿ ಪುಡಿಯ ಪೊಟ್ಟಣ ನೋಡಿ ವಾಪಸು ಇಟ್ಟಳು, ಪತ್ರ ಓದಿದಳು, ಹೇಳಬೇಕಾದ್ದು ಇನ್ನೇನಾದರೂ ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು ತಮ್ಮ ಧಾರವಾಡದ ಇಂಗ್ಲಿಷಿನಲ್ಲಿ, ಒಂದೊಂದೇ ಶಬ್ದ ಬಿಡಿಸಿ, "ಯೆಸ್. ಐ ಹ್ಯಾವ್ ಹೈ ಬಿ.ಪಿ." ಎಂದರು.